ಮೂರೂವರೆ ಬೆರಳು

ಹೊತ್ತು ಮುಳುಗಿದ ಮೇಲೆ ಬಾಣಂತಿಯದಾಗಲಿ ಕೂಸಿನದಾಗಲಿ ಒಂದು ಚಿಂದಿ ಬಟ್ಟೆಯೂ ಹೊರಗೆ ಹಗ್ಗದ ಮೇಲೆ ಇರಕೂಡದು. ಪಶ್ಚಿಮ ಸೆರ್ಬಿಯಾದ ಆ ಬೆಟ್ಟದೂರಿನಲ್ಲಿ ಇದನ್ನು ಯಾವ ಪಾದ್ರಿಯೂ ಹೇಳಿಕೊಟ್ಟಿಲ್ಲ, ಆದರೂ ಪಾದ್ರಿಯ ಮಾತಿಗಿಂತ ಇದೇ ಹೆಚ್ಚು ನಡೆಯುತ್ತದೆ. ಅವತ್ತು ಸಂಜೆ ಮಿಲುಂಕಾ ಕೂಸಿನ ಬಟ್ಟೆಗಳನ್ನು ಬಾಚಿಕೊಂಡು ಸೊಸೆಯ ಕೋಣೆಗೆ ಬಂದಾಗ ನೆವೆನಾ ಮಗಳಿಗೆ ಹಾಲು ಕುಡಿಸುತ್ತಿದ್ದಳು. ತೋಳಿನ ಬಟ್ಟೆ ಜಾರಿತ್ತು. ಎಡ ರಟ್ಟೆಯ ಮೇಲೆ ಪ್ಲಮ್ ಹಣ್ಣಿನ ಬಣ್ಣದ, ಅಂಗೈಯಗಲದ ಕಲೆ ಇತ್ತು.

"ಇದೇನೇ ಇದು?"

"ಗೊತ್ತಿಲ್ಲ ಅತ್ತೆ. ಎಲ್ಲೋ ತಾಗಿರ್ಬೇಕು."

ಎಲ್ಲೋ ತಾಗಿರಬೇಕು ಎನ್ನುವ ಮಾತು ಮಿಲುಂಕಾಳಿಗೆ ಹೊಸದಲ್ಲ. ಅವಳ ಸಂಸಾರ ಪೂರ್ತಿ ನಡೆದದ್ದು ಆ ಒಂದು ಮಾತಿನ ಮೇಲೆ. ಬಾಗಿಲು ತಾಗಿತು, ಏಣಿ ಜಾರಿತು, ಹಸು ಒದೆಯಿತು ಎನ್ನುತ್ತಲೇ ದಿನ ಕಳೆದಿದ್ದಳು. ಗಂಡ ದ್ರಾಗೊಮಿರ್ ಬದುಕಿದ್ದಷ್ಟು ಕಾಲ ಆ ಬಡ ಹಸುವಿನ ಮೇಲೆ ಅವಳು ಹೊರಿಸಿದ ಅಪವಾದಕ್ಕೆ ಲೆಕ್ಕವಿಲ್ಲ. ಅವನನ್ನು ಮಣ್ಣು ಮಾಡಿದ ಮೇಲೆ ಹಸು ಒದೆಯುವುದನ್ನೇ ಬಿಟ್ಟಿತಲ್ಲ ಎಂದು ಊರ ಹೆಂಗಸರು ಬೆನ್ನ ಹಿಂದೆ ನಕ್ಕರು. ನಗುವವರಿಗೇನು, ಅವರ ಮನೆಯಲ್ಲೂ ಒಂದೊಂದು ಹಸು ಇತ್ತು.

ದ್ರಾಗೊಮಿರ್ ಹೊಡೆಯುವಾಗ ಮಿಲುಂಕಾಳ ಅತ್ತೆ ಎಲ್ಲ ಕೇಳಿಸಿಕೊಂಡು ರೇಡಿಯೋದ ದನಿ ಏರಿಸುತ್ತಿದ್ದಳು. ತಾನು ಅಂಥ ಅತ್ತೆ ಆಗಬಾರದು ಎಂದು ಮಿಲುಂಕಾ ಯಾವತ್ತೋ ನಿಶ್ಚಯ ಮಾಡಿದ್ದಳು. ಆದರೆ ಆ ನಿಶ್ಚಯ ಮಾಡುವಾಗ ಎದುರಿಗೆ ನಿಲ್ಲಬೇಕಾದವನು ತನ್ನ ಮಗ ಗವ್ರಿಲೊನೇ ಆಗುತ್ತಾನೆ ಎಂದು ಅವಳು ಎಣಿಸಿರಲಿಲ್ಲ.

ರಾಸ್‌ಬೆರಿ ಕೊಯ್ಲಿನ ಕಾಲ ಅದು. ಗವ್ರಿಲೊ ಬೆಳಕು ಹರಿಯುವ ಮೊದಲೇ ಮೇಲಿನ ತೋಟಕ್ಕೆ ಹೋದರೆ ಬರುವುದು ಸಂಜೆಗೆ, ಹಣ್ಣಿನ ರಸಕ್ಕೆ ಮಣಿಕಟ್ಟಿನವರೆಗೂ ಕೆಂಪಾದ ಕೈಗಳೊಂದಿಗೆ. ಪ್ರತಿವರ್ಷವೂ ಅವನ ಕೈ ಹಾಗೇ ಇರುತ್ತಿತ್ತು, ಮಿಲುಂಕಾಳಿಗೆ ಏನೂ ಅನಿಸುತ್ತಿರಲಿಲ್ಲ. ಈಗ ಅವನು ತೊಟ್ಟಿಯ ಬಳಿ ಕೈ ತೊಳೆಯುವಾಗ ಅವಳ ಕಣ್ಣು ಆ ಕೈಗಳಿಂದ ಕದಲುತ್ತಿರಲಿಲ್ಲ. ಅಪ್ಪನದೇ ಅಗಲವಾದ ಅಂಗೈ, ಅಪ್ಪನದೇ ಗಂಟುಬೆರಳು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಆದರೆ ಕಾಮಾಲೆ ಬಂದವರಿಗೆ ತಮ್ಮ ಕಣ್ಣು ಹಳದಿ ಎಂದು ತಿಳಿಯುವುದಿಲ್ಲವಲ್ಲ.

ಒಂದು ಕಲೆ ಹೋಗಿ ನಾಲ್ಕಾದವು. ತೊಡೆಯ ಮೇಲೊಂದು, ಸೊಂಟದ ಪಕ್ಕದಲ್ಲೊಂದು. ದೃಷ್ಟಿಯಾಗದಿರಲೆಂದು ಮಿಲುಂಕಾ ತಾನೇ ಬಾಣಂತಿಯ ಮಣಿಕಟ್ಟಿಗೆ ಸಡಿಲವಾಗಿ ಕಟ್ಟಿದ್ದ ಕೆಂಪು ದಾರದ ಅಡಿಯಲ್ಲೂ ಒಂದು ನೀಲಿ ಬಳೆ ಮೂಡಿತ್ತು. ಅದನ್ನು ನೋಡಿ ಅವಳು, ದಾರ ಕಟ್ಟಿದ ಕೈಯನ್ನೂ ಬಿಡಲಿಲ್ಲವಲ್ಲ, ಹಿಡಿದು ತಿರುಚಿದ್ದಾನೆ ಅಂದುಕೊಂಡಳು.

ಹೆರಿಗೆಯ ನಂತರದ ಸ್ರಾವವೂ ನಿಂತಿರಲಿಲ್ಲ. ಕಡಿಮೆಯಾಗುವ ಬದಲು ದಿನದಿನಕ್ಕೆ ಹೆಚ್ಚುತ್ತಿತ್ತು. ಪಕ್ಕದ ಮನೆಯ ಸ್ತಾನೊಯ್ಕಾ ಬೇಲಿಯ ಮೇಲೆ ಮೊಣಕೈ ಊರಿ, "ನಲವತ್ತು ದಿನ ಹೋಗ್ಲಿ ಬಿಡು ಮಿಲುಂಕಕ್ಕಾ, ಕೆಟ್ಟದ್ದೆಲ್ಲ ಹೋಗ್ಬೇಕಲ್ಲ" ಎಂದಳು. "ಅದಿರ್ಲಿ, ನಿನ್ನ ಸೊಸೆ ಕಿಟಕಿ ಹತ್ರಾನೂ ಸುಳಿಯಲ್ವಲ್ಲ? ನಾವೂ ಹೆತ್ತಿದೀವಪ್ಪ. ಇಂಥಾ ರಾಣಿ ಬಾಣಂತನ ನಾವು ಕಾಣ್ಲಿಲ್ಲ."

"ನೀನು ಹೆತ್ತ ಮೂರನೇ ದಿನ ಹಂದಿಗೆ ಹಾಕೋಕೆ ಎದ್ದು ಹೋದೆ. ಅದಕ್ಕೇ ಇವತ್ತಿಗೂ ಸೊಂಟ ಹಿಡ್ಕೊಂಡು ನಡೀತೀಯ. ಹೋಗು, ನಿನ್ನ ಹಾಲು ಉಕ್ಕುತ್ತಿರುತ್ತೆ" ಎಂದು ಮಿಲುಂಕಾ ಅವಳನ್ನು ಓಡಿಸಿದಳು.

ಬಾಣಂತಿ ನಲವತ್ತು ದಿನ ಹೊಸ್ತಿಲು ದಾಟಬಾರದು ಎನ್ನುವ ಪದ್ಧತಿ ಈಗ ಅವಳಿಗೆ ಒಳ್ಳೆಯ ಪರದೆಯಾಗಿತ್ತು. ಊರ ಬಾಯಿಗೆ ಬೀಳುವ ಮೊದಲು ಮನೆಯೊಳಗೇ ಇದನ್ನು ಸರಿಮಾಡಬೇಕು. ಕಲೆಗಳನ್ನು ಕರಗಿಸಬೇಕು, ಮಗನನ್ನು ದಾರಿಗೆ ತರಬೇಕು. ಆರೋಗ್ಯ ಕೇಂದ್ರದ ಡಾಕ್ಟರು ಕೂಸನ್ನು ನೋಡಲು ಬಂದ ದಿನ ಬಿಸಿಲು ಕಾಯುತ್ತಿತ್ತು, ಆದರೂ ಮಿಲುಂಕಾ ಸೊಸೆಗೆ ಉದ್ದ ತೋಳಿನ ಉಣ್ಣೆ ಅಂಗಿ ತೊಡಿಸಿ ಕೂರಿಸಿದಳು. ಆತ ನೋಡಿದ್ದು ಬಿಳಿಚಿಕೊಂಡ ಮುಖವನ್ನು ಮಾತ್ರ. ಸ್ರಾವ ಜಾಸ್ತಿ ಇದೆ ಎಂದದ್ದಕ್ಕೆ, "ಕೆಲವರಿಗೆ ಹಾಗೇ, ಕಬ್ಬಿಣದ ಮಾತ್ರೆ ತಗೊಳ್ಳಮ್ಮ" ಎಂದು ಬರೆದುಕೊಟ್ಟು, ಕೊಟ್ಟ ಕಾಫಿ ಕುಡಿದು ಹೋದ.

ಕಲೆಗಳಿಗೆ ಮಿಲುಂಕಾಳ ಬಳಿ ಅದಕ್ಕಿಂತ ದೊಡ್ಡ ಔಷಧವಿತ್ತು. ಅದು ಪ್ಲಮ್ ಹಣ್ಣಿನಿಂದ ಮನೆಯಲ್ಲೇ ಇಳಿಸಿದ ಸಾರಾಯಿ, ರಾಕಿಯಾ. ಆ ಸೀಮೆಯಲ್ಲಿ ರಾಕಿಯಾಗೆ ಬಗ್ಗದ ಕಾಯಿಲೆ ಇಲ್ಲ. ಬಗ್ಗದಿದ್ದರೆ ಹಚ್ಚಿದ್ದು ಸಾಲದು ಎಂದು ಅರ್ಥ. ದಿನಾ ಸಂಜೆ ಅವಳು ಸೊಸೆಯನ್ನು ಮಲಗಿಸಿ, ಕಲೆಗಳ ಮೇಲೆ ರಾಕಿಯಾ ಸುರಿದು, ಚರ್ಮ ಬಿಸಿಯಾಗುವವರೆಗೆ ಉಜ್ಜುತ್ತಿದ್ದಳು. ಉಜ್ಜಿದರೇ ಕಟ್ಟಿದ ರಕ್ತ ಕರಗುವುದು ಎಂದು ಅವಳ ಅಜ್ಜಿ ಹೇಳಿದ್ದಳು. ಸೊಸೆ ಹಲ್ಲು ಕಚ್ಚಿ ಸಹಿಸುತ್ತಿದ್ದಳು. ಮೈಕೈ ನೋವು ಎಂದರೆ ಮಿಲುಂಕಾ ಆಸ್ಪಿರಿನ್ ಮಾತ್ರೆಯನ್ನೂ ಕೊಡುತ್ತಿದ್ದಳು. ಮರುದಿನ ನೋಡಿದರೆ ಕಲೆ ಇನ್ನೂ ಅಗಲವಾಗಿರುತ್ತಿತ್ತು.

ಮತ್ತೆ ಹೊಡೆದಿದ್ದಾನೆ ಎಂದುಕೊಳ್ಳುತ್ತಿದ್ದಳು ಮಿಲುಂಕಾ. ನಾನು ಸಂಜೆ ಕರಗಿಸಿದ್ದನ್ನು ಅವನು ರಾತ್ರಿ ಮೂಡಿಸುತ್ತಾನೆ.

"ಮಗಳೇ, ನನ್ನ ಹತ್ರ ಮುಚ್ಚಿಡಬೇಡ" ಎಂದು ಒಂದು ದಿನ ಮಂಚದ ಅಂಚಿನಲ್ಲಿ ಕುಳಿತು ಕೇಳಿದಳು. "ನನಗೂ ಆಗಿದೆ ಇದು. ಅವನು ನನ್ನ ಮಗ ಅಂತ ಹೆದರ್ಬೇಡ. ನಾನು ನಿನ್ನ ಕಡೆ."

"ಅತ್ತೆ, ಅವನು ನನ್ನ ಮುಟ್ಟಿಲ್ಲ. ಆಣೆಗೂ ಮುಟ್ಟಿಲ್ಲ. ಹಲ್ಲುಜ್ಜಿದ್ರೂ ರಕ್ತ ಬರ್ತಿದೆ ನನಗೆ, ಅದನ್ನೂ ಅವನೇ ಮಾಡಿದ್ನಾ?"

ಎಷ್ಟು ಚೆನ್ನಾಗಿ ಹೇಳುತ್ತಾಳೆ ಎಂದು ಮಿಲುಂಕಾ ಮರುಗಿದಳು. ತಾನೂ ಹೀಗೇ ಆಣೆ ಇಟ್ಟಿದ್ದಳು, ಹೀಗೇ ಕಣ್ಣಲ್ಲಿ ಕಣ್ಣಿಟ್ಟು. ಹುಡುಗಿ ನಿಜ ಹೇಳಿದಷ್ಟೂ ಅದು ಅತ್ತೆಯ ಕಿವಿಗೆ ತನ್ನದೇ ಹಳೆಯ ಸುಳ್ಳಿನ ಹಾಗೆ ಕೇಳಿಸುತ್ತಿತ್ತು.

ಆ ವಾರವೇ ಗವ್ರಿಲೊ, "ಅಮ್ಮಾ, ಇವಳನ್ನ ಪಟ್ಟಣದ ಆಸ್ಪತ್ರೆಗೆ ಕರ್ಕೊಂಡು ಹೋಗ್ತೀನಿ. ಇದು ನನಗೆ ಸರಿ ಕಾಣ್ತಿಲ್ಲ" ಎಂದ.

"ನಲವತ್ತು ದಿನ ಆಗ್ಲಿ."

"ಅಷ್ಟರಲ್ಲಿ ಇವಳು ಉಳೀಬೇಕಲ್ಲ."

"ಉಳಿಯೋದು ಬಿಡೋದು ನಿನ್ನ ಕೈಲಿದೆ" ಎಂದಳು ಮಿಲುಂಕಾ. ಅಷ್ಟು ದಿನ ಒಳಗಿಟ್ಟುಕೊಂಡಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ನನ್ನ ಕಣ್ಣಿಂದ ದೂರ ಕರ್ಕೊಂಡು ಹೋಗಿ, ಅಲ್ಲಿ ಮೆಟ್ಟಿಲಿಂದ ಬಿದ್ಲು ಅಂತ ಕಥೆ ಹೇಳ್ಬೇಕಾ? ಕಥೆ ಎಲ್ಲ ನನಗೆ ಬಾಯಿಪಾಠ ಕಣೋ. ನಿಮ್ಮಪ್ಪ ಕಲಿಸಿ ಹೋಗಿದಾನೆ. ಬಿತ್ತಿದ ಬೀಜ ಸುಳ್ಳಾಗುತ್ತಾ?"

ಗವ್ರಿಲೊ ಮೊದಲು ಅರ್ಥವಾಗದವನಂತೆ ನೋಡಿದ. ಆಮೇಲೆ ಮುಖದ ಬಣ್ಣ ಇಳಿಯಿತು. "ನಾನು ಹೊಡೆದಿಲ್ಲಮ್ಮ" ಎಂದ ಮೆಲ್ಲಗೆ. ಅವಳು ಬಿಡಲಿಲ್ಲ. ಕಲೆಗಳನ್ನು ಒಂದೊಂದಾಗಿ ಹೆಸರಿಟ್ಟು ಹೇಳಿದಳು. ಅವನು ಎರಡನೇ ಸಲ ಇಲ್ಲವೆನ್ನಲಿಲ್ಲ. ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ. ತಪ್ಪೊಪ್ಪಿಕೊಳ್ಳುವ ಗಂಡಸರನ್ನು ಮಿಲುಂಕಾ ಜೀವಮಾನದಲ್ಲಿ ಕಂಡವಳಲ್ಲ. ಇದೇ ಒಪ್ಪಿಗೆ ಎಂದು ತಿಳಿದಳು.

ಮರುದಿನ ಅವಳೇ ಪೊಲೀಸರಿಗೆ ಫೋನ್ ಮಾಡಿದಳು. ಹೆತ್ತ ಮಗನ ಮೇಲೆ ದೂರು ಕೊಡುವ ತಾಯಿಯನ್ನು ಆ ಠಾಣೆ ಮೊದಲ ಸಲ ನೋಡಿದ್ದಿರಬೇಕು. ಬಂದ ಪೊಲೀಸಿನವನು ಟೋಪಿ ತೆಗೆದು ನಿಂತೇ ಮಾತಾಡಿದ. ನೆವೆನಾ ಬೇಡ ಬೇಡವೆಂದು ಅತ್ತಳು. ಹೊಡೆಸಿಕೊಂಡವರು ಹೀಗೇ ಅಳುತ್ತಾರೆ ಎಂದು ಪೊಲೀಸನಿಗೂ ಯಾರೋ ಹೇಳಿಕೊಟ್ಟಿದ್ದರು. ಗವ್ರಿಲೊ ಗೇಟಿನೊಳಗೆ ಕಾಲಿಡಬಾರದು ಎಂದು ಆಜ್ಞೆಯಾಯಿತು. ಅವನು ಒಂದು ದಿಂಬು ತೆಗೆದುಕೊಂಡು ಮೇಲಿನ ತೋಟದ ಗುಡಿಸಲಿಗೆ ಹೊರಟುಹೋದ. ಮಿಲುಂಕಾ ಬಾಗಿಲ ಅಗುಳಿ ಹಾಕಿ, ಅದಕ್ಕೆ ಬೆನ್ನು ಕೊಟ್ಟು ಅತ್ತಳು. ಆದರೂ ಒಳಗೆಲ್ಲೋ ಒಂದು ಹೆಮ್ಮೆಯಿತ್ತು. ತನಗಾಗಿ ಯಾರೂ ಮಾಡದಿದ್ದುದನ್ನು ತಾನು ಇವಳಿಗಾಗಿ ಮಾಡಿದೆ.

ಇನ್ನು ಕಲೆಗಳು ನಿಲ್ಲಬೇಕಾಗಿತ್ತು.

ಒಂದು ಮಧ್ಯಾಹ್ನ ನೆವೆನಾಳಿಗೆ ಎದ್ದು ಕೂರಲೂ ಆಗಲಿಲ್ಲ. ಎಡತೊಡೆ ಊದಿ ಕಲ್ಲಿನಂತಾಗಿತ್ತು. ಮಿಲುಂಕಾ ಅವಳ ಬಲ ರಟ್ಟೆಯನ್ನು ಹಿಡಿದು ಎಬ್ಬಿಸಿ, ಮೈ ಒರೆಸಿ, ಬಟ್ಟೆ ಬದಲಾಯಿಸಿ ಮಲಗಿಸಿದಳು. ಆ ರಟ್ಟೆ ಹಾಲಿನಷ್ಟು ಬೆಳ್ಳಗಿತ್ತು. ಮೈಯಲ್ಲಿ ಅದೊಂದಾದರೂ ಶುದ್ಧವಾಗಿ ಉಳಿದಿದೆಯಲ್ಲ ಎಂದು ಅದಕ್ಕೆ ಮುತ್ತಿಟ್ಟಳು ಕೂಡ.

ಮರುದಿನ ಗಂಜಿ ಕುಡಿಸಲು ಬಂದಾಗ ಆ ರಟ್ಟೆಯ ಮೇಲೆ ಕೈಯ ಗುರುತಿತ್ತು.

ಮಿಲುಂಕಾ ಮೊದಲು ಬಾಗಿಲನ್ನು ನೋಡಿದಳು. ಅಗುಳಿ ಹಾಕಿದ ಹಾಗೇ ಇತ್ತು. ಕಿಟಕಿಗೆ ಸರಳು. ಆಮೇಲೆ ಗುರುತನ್ನು ನೋಡಿದಳು. ಒಂದು ಹೆಬ್ಬೆರಳು ಒಳಬದಿಗೆ. ಹೊರಬದಿಗೆ ಮೂರು ಉದ್ದ ಗೆರೆ, ನಡುವೆ ಇನ್ನೊಂದು. ಆ ಇನ್ನೊಂದು ಅರ್ಧಕ್ಕೇ ನಿಂತಿತ್ತು.

ಮಿಲುಂಕಾಳ ಬಲಗೈಯ ಉಂಗುರದ ಬೆರಳು ಅರ್ಧವೇ ಇತ್ತು. ಹಣ್ಣಿನ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸಕ್ಕಿದ್ದಾಗ ಉಳಿದರ್ಧವನ್ನು ಯಂತ್ರದ ಪಟ್ಟಿ ಕಚ್ಚಿಕೊಂಡು ಹೋಗಿತ್ತು. ಗಂಜಿಯ ಬಟ್ಟಲನ್ನು ನೆಲಕ್ಕಿಟ್ಟು, ಅವಳು ತನ್ನ ಕೈಯನ್ನು ಆ ಗುರುತಿನ ಮೇಲೆ, ತಾಗಿಸದೆ, ಹಿಡಿದು ನೋಡಿದಳು. ಪಾತ್ರೆಗೆ ಅದರದೇ ಮುಚ್ಚಳ ಕೂತ ಹಾಗೆ ಕೂತಿತು.

ಎಷ್ಟು ಮೆತ್ತಗೆ ಹಿಡಿದಿದ್ದೆ, ಕೂಸನ್ನು ಹಿಡಿದ ಹಾಗೆ ಹಿಡಿದಿದ್ದೆನಲ್ಲ ಎಂದುಕೊಂಡಳು. ಆಗ ಒಂದರ ಹಿಂದೆ ಒಂದು ನೆನಪಾಯಿತು. ಸಡಿಲ ದಾರದ ನೀಲಿ ಬಳೆ. ಹಲ್ಲುಜ್ಜಿದರೆ ಬರುವ ರಕ್ತ. ಸಂಜೆ ಉಜ್ಜಿದ ಕಲೆ, ಬೆಳಿಗ್ಗೆಗೆ ಅಗಲವಾದ ಕಲೆ. ದಿನಾ ತಪ್ಪದೆ, ರಾಕಿಯಾ ಸುರಿದು, ಬಲ ಹಾಕಿ, ಇವಳನ್ನು ಹೊಡೆದದ್ದು ತಾನೇ.

"ಅತ್ತೆ, ಯಾಕೆ ಹಾಗೆ ನೋಡ್ತಿದೀರಾ?" ಎಂದಳು ನೆವೆನಾ. ತುಟಿ ಗೋಡೆಯ ಸುಣ್ಣದ ಬಣ್ಣಕ್ಕೆ ಬಂದಿತ್ತು.

"ಏನಿಲ್ಲ ಕಣೇ. ನೀನು ನಿಜ ಹೇಳ್ತಿದ್ದೆ."

ಆಂಬುಲೆನ್ಸಿಗೆ ಫೋನ್ ಮಾಡಿದರೆ, ಒಂದೇ ಗಾಡಿ ಇದೆ, ಬೇರೆ ಊರಿಗೆ ಹೋಗಿದೆ, ಸಂಜೆಯಾಗುತ್ತದೆ ಎಂದರು. ಮಿಲುಂಕಾ ಮಗನಿಗೆ ಫೋನ್ ಮಾಡಿದಳು.

"ಗಾಡಿ ತಗೊಂಡು ಬಾ."

"ನಾನು ಗೇಟ್ ಒಳಗೆ ಬರಂಗಿಲ್ಲ."

"ನಾನು ಹೇಳ್ತಿದೀನಿ ಬಾರೋ."

"ಹೋಗು ಅಂದಿದ್ದೂ ನೀನೇ ಅಮ್ಮ" ಎಂದ ಗವ್ರಿಲೊ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು. ಆದರೂ ಬಂದ. ಹಣ್ಣು ಸಾಗಿಸುವ ಗಾಡಿಯನ್ನು ಗೇಟಿನ ಹೊರಗೇ ನಿಲ್ಲಿಸಿ, ಗೇಟಿನ ಹೊರಗೇ ನಿಂತ.

ಮಿಲುಂಕಾ ಸ್ತಾನೊಯ್ಕಾಳನ್ನು ಕೂಗಿದಳು. ಇಬ್ಬರೂ ಸೊಸೆಯನ್ನು ಕಂಬಳಿಯ ಮೇಲೆ ಹೊರಳಿಸಿ, ಕಂಬಳಿಯ ಮೂಲೆಗಳನ್ನು ಹಿಡಿದು ಎತ್ತಿದರು.

"ರಟ್ಟೆ ಹಿಡಿದು ನಡೆಸಿದ್ರೆ ಆಗ್ತಿರ್ಲಿಲ್ವಾ?" ಎಂದಳು ಸ್ತಾನೊಯ್ಕಾ ಏದುಸಿರು ಬಿಡುತ್ತ.

"ಮುಟ್ಟಬೇಡ. ಬಟ್ಟೆ ಮಾತ್ರ ಹಿಡಿ."

"ಇನ್ನೂ ನಲವತ್ತು ಆಗಿಲ್ಲ ಮಿಲುಂಕಕ್ಕಾ. ಹೊಸ್ತಿಲು ದಾಟಿಸ್ತಿದೀಯ."

"ಹೊಸ್ತಿಲು ಹೆಣಾನೂ ದಾಟುತ್ತೆ ಕಣೇ. ಕೂಸು ನಿನ್ನ ಹತ್ರ ಇರ್ಲಿ, ಬಾಟ್ಲಿ ಹಾಲು ಹಾಕು, ಬಾಯಿಗೆ ಬೀಗ ಹಾಕ್ಕೋ" ಎಂದಳು ಮಿಲುಂಕಾ. ಸ್ತಾನೊಯ್ಕಾ ಕಂಬಳಿಯ ಮೂಲೆಯನ್ನು ಬಿಗಿಯಾಗಿ ಹಿಡಿದು ಹೆಜ್ಜೆ ಹಾಕಿದಳು.

ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯವರು ಊದಿದ ತೊಡೆಯನ್ನು ಕೊಯ್ದು ಕೆಟ್ಟ ರಕ್ತ ತೆಗೆಯಬೇಕು ಎಂದರು. ಅಷ್ಟರಲ್ಲಿ ಯಾಸ್ನಾ ಎಂಬ ಡಾಕ್ಟರ್, ಕನ್ನಡಕ ಹಣೆಗೇರಿಸಿಕೊಂಡ ನಡುವಯಸ್ಸಿನ ಹೆಂಗಸು, ಕಂಬಳಿ ಸರಿಸಿ ಮೈಯೆಲ್ಲ ನೋಡಿದಳು. ನೋಡಿ, ಬಾಗಿಲಲ್ಲಿ ನಿಂತಿದ್ದ ಗವ್ರಿಲೊನ ಕಡೆ ತಿರುಗಿದಳು. ಆ ನೋಟವನ್ನು ಮಿಲುಂಕಾ ಗುರುತು ಹಿಡಿದಳು. ವಾರಗಟ್ಟಲೆ ತನ್ನ ಮುಖದಲ್ಲಿದ್ದದ್ದೇ ಆ ನೋಟ.

"ಅವನಲ್ಲ ಡಾಕ್ಟ್ರೇ. ನೋಡಿ ಇಲ್ಲಿ." ಅವಳು ತನ್ನ ಕೈಯನ್ನು ಸೊಸೆಯ ರಟ್ಟೆಯ ಪಕ್ಕಕ್ಕೆ ಹಿಡಿದಳು. "ಇದು ನನ್ನ ಕೈ. ಎದ್ದು ಕೂರ್ಸೋಕೆ ಹಿಡಿದಿದ್ದೆ, ಅಷ್ಟೇ. ದೇವರಾಣೆ ಅಷ್ಟೇ."

ಡಾಕ್ಟರ್ ಗುರುತನ್ನೂ ಕೈಯನ್ನೂ ನೋಡಿದಳು. ರಕ್ತ ತೆಗೆದಿದ್ದ ಜಾಗದ ಹತ್ತಿಯನ್ನು ಎತ್ತಿದಳು. ಸೂಜಿ ಚುಚ್ಚಿ ಬಹಳ ಹೊತ್ತಾಗಿದ್ದರೂ ಅಲ್ಲಿ ಇನ್ನೂ ಒಸರುತ್ತಿತ್ತು. ಆಮೇಲೆ ಬಗ್ಗಿ ನೆವೆನಾಳನ್ನೇ ಕೇಳಿದಳು.

"ಚಿಕ್ಕಂದಿನಲ್ಲಿ ಗಾಯ ಆದ್ರೆ ರಕ್ತ ನಿಲ್ತಿರ್ಲಿಲ್ವಾ? ಹಲ್ಲು ಕೀಳಿಸಿದಾಗ?"

"ನಿಲ್ತಿತ್ತು."

"ತಿಂಗಳ ಮುಟ್ಟು? ನಿಮ್ಮ ಮನೇಲಿ ಯಾರಿಗಾದ್ರೂ ಹೀಗೆ ಆಗಿತ್ತಾ?"

"ಯಾರಿಗೂ ಇಲ್ಲ. ಮುಟ್ಟು ಸರಿಯಾಗೇ ಇತ್ತು. ಎಲ್ಲ ಮಗಳು ಹುಟ್ಟಿದ ಮೇಲೆ."

"ಕತ್ತರಿ ಕೆಳಗಿಡಿ. ಈ ರಕ್ತದ ಪರೀಕ್ಷೆ ಬರೋವರೆಗೂ ಇವಳಿಗೆ ಯಾರೂ ಚಾಕು ಮುಟ್ಟಿಸಬಾರದು" ಎಂದು ಡಾಕ್ಟರ್ ಯಾಸ್ನಾ ಹಿಂದೆ ತಿರುಗದೆಯೇ ಹೇಳಿದಳು.

ಪರೀಕ್ಷೆ ಬಂದ ಮೇಲೆ ಅವಳು ಮಿಲುಂಕಾಳನ್ನು ಪಕ್ಕಕ್ಕೆ ಕರೆದು ಕೂರಿಸಿದಳು. "ಮನೇಲಿ ಚೀಸ್ ಮಾಡ್ತೀರಾ?"

"ಮಾಡದೆ?"

"ಹೆಪ್ಪು ಹಾಕಿದ್ರೂ ಹಾಲು ಗಟ್ಟಿಯಾಗ್ದಿದ್ರೆ ಹೆಪ್ಪು ಸತ್ತಿದೆ ಅಂತ ಪಕ್ಕದ ಮನೆಯಿಂದ ಬೇರೆ ಹೆಪ್ಪು ತರ್ತೀರಿ. ನಾವೂ ಅದನ್ನೇ ಮಾಡಿದ್ವಿ. ಗಾಜಿನ ನಳಿಕೇಲಿ ಇವಳ ರಕ್ತಕ್ಕೆ ಗಟ್ಟಿಮುಟ್ಟಾಗಿರೋರ ರಕ್ತ ಬೆರೆಸಿದ್ವಿ. ಆಗ್ಲೂ ಸರಿಯಾಗಿ ಗಟ್ಟಿಯಾಗ್ಲಿಲ್ಲ. ಅಂದ್ರೆ ಹೆಪ್ಪು ಕಮ್ಮಿ ಇರೋದಲ್ಲ, ಹಾಕಿದ ಹೆಪ್ಪನ್ನೂ ಏನೋ ತಿಂದುಹಾಕ್ತಿದೆ. ಇದು ಹುಟ್ಟಿನಿಂದ ಬಂದಿದ್ದಲ್ಲ. ಹೆರಿಗೆ ಆದ್ಮೇಲೆ ಅಪರೂಪಕ್ಕೆ ಕೆಲವು ಹೆಂಗಸರ ಮೈ, ತನ್ನದೇ ರಕ್ತದ ಒಂದು ಅಂಶವನ್ನ ಶತ್ರು ಅಂದ್ಕೊಂಡು ಅದರ ಮೇಲೆ ಬೀಳುತ್ತೆ."

"ತನ್ನದನ್ನೇ ಶತ್ರು ಅಂದ್ಕೊಳ್ಳೋದು," ಎಂದಳು ಮಿಲುಂಕಾ, "ಮೈಗೂ ಬರುತ್ತಾ ಅದು?"

ಡಾಕ್ಟರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಔಷಧ ಇದೆ ಎಂದಳು. ರಕ್ತ ನಿಲ್ಲಿಸಲು ಒಂದು, ಮೈಯ ಹಟ ಇಳಿಸಲು ಇನ್ನೊಂದು. ತಿಂಗಳುಗಳು ಹಿಡಿಯಬಹುದು, ವಾಸಿಯಾಗಿ ಮತ್ತೆ ಮರಳಲೂಬಹುದು, ಈಗಲೇ ಭರವಸೆ ಕೊಡಲಾರೆ. ಮಿಲುಂಕಾ ತನ್ನ ಅನುಮಾನ, ಉಣ್ಣೆ ಅಂಗಿ, ರಾಕಿಯಾ, ಮಾತ್ರೆ ಎಲ್ಲವನ್ನೂ ಹೇಳಿಕೊಂಡಳು. ಆಸ್ಪಿರಿನ್ ಕೊಡಬಾರದಿತ್ತು, ಉಜ್ಜಬಾರದಿತ್ತು ಎಂದಳು ಡಾಕ್ಟರ್.

"ಕಲೆ ಕಂಡಾಗ ನೀವು ಹೊಡೆತ ಅಂತ ಅನುಮಾನ ಪಟ್ಟಿದ್ದು ತಪ್ಪಲ್ಲ. ಎಷ್ಟೋ ಸಲ ಅದೇ ನಿಜ ಆಗಿರುತ್ತೆ. ಆದ್ರೆ ತೋರಿಸಬೇಕಿತ್ತು ತಾಯಿ. ಆ ಉದ್ದ ತೋಳಿನ ಅಂಗಿ ಹಾಕಿಸದೇ ಇದ್ದಿದ್ರೆ ನಮಗೆ ಇವಳು ಎಷ್ಟೋ ಮೊದಲೇ ಸಿಗ್ತಿದ್ಲು."

ಆಸ್ಪತ್ರೆಗೆ ಒಯ್ಯುತ್ತೇನೆ ಎಂದವನು ಒಬ್ಬನಿದ್ದ, ಅವನನ್ನು ಪೊಲೀಸರಿಗೆ ಕೊಟ್ಟೆ ಎನ್ನುವುದೊಂದನ್ನು ಹೇಳದೆಯೇ ಮಿಲುಂಕಾ ಎದ್ದು ಅಂಗಳಕ್ಕೆ ನಡೆದಳು.

ಗವ್ರಿಲೊ ಅಂಗಳದ ಬೆಂಚಿನ ಮೇಲೆ ಕೂತಿದ್ದ. ಅವಳು ಪಕ್ಕದಲ್ಲಿ ಕೂತು ಡಾಕ್ಟರ್ ಹೇಳಿದ್ದೆಲ್ಲ ಹೇಳಿದಳು. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ಹಾಗಾದ್ರೆ ನಾನಲ್ಲ" ಎಂದ.

ಮಿಲುಂಕಾ ಅವನ ಕಡೆ ತಿರುಗಿದಳು. "ಅಂದ್ರೆ? ನೀನಲ್ಲ ಅಂತ ನಿನಗೆ ಗೊತ್ತಿರ್ಲಿಲ್ವಾ?"

"ನೀನು ಅಷ್ಟು ಖಂಡಿತವಾಗಿ ಹೇಳಿದೆ. ನೀನು ನೋಡಿದೀಯ, ಅನುಭವಿಸಿದೀಯ, ನಿನಗೆ ಗೊತ್ತಾಗದೆ ಇರುತ್ತಾ ಅಂದ್ಕೊಂಡೆ. ನಿದ್ದೇಲಿ ಏನಾದ್ರೂ ಮಾಡ್ತಿದೀನೇನೋ ಅಂತ. ಅಪ್ಪನ ಮಗ ತಾನೆ ನಾನು." ಅವನು ನೆಲ ನೋಡುತ್ತ ಹೇಳಿದ. "ಗುಡಿಸಲಲ್ಲಿ ಕೈಯನ್ನ ಮಂಚದ ಕಾಲಿಗೆ ಕಟ್ಕೊಂಡು ಮಲಗ್ತಿದ್ದೆ. ಬೆಳಿಗ್ಗೆ ಬಿಚ್ಚಿರುತ್ತಾ ನೋಡೋಣ ಅಂತ."

ಅವನ ಮಣಿಕಟ್ಟಿನ ಸುತ್ತ ಹಗ್ಗ ಉಜ್ಜಿದ ಗುರುತಿತ್ತು. ಅದನ್ನು ಸವರಲು ಅವಳ ಕೈ ತಾನಾಗಿ ಮುಂದೆ ಹೋಯಿತು. ಅರ್ಧಕ್ಕೆ ಹೋಗಿ, ತನ್ನ ಮೂರೂವರೆ ಬೆರಳು ಕಂಡು, ಹಿಂದಕ್ಕೆ ಬಂತು. ಕ್ಷಮಿಸು ಎಂದಳು. ಅವನು ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡ.

ನರ್ಸ್ ಬಂದು, ರೋಗಿ ಗಂಡನನ್ನು ಕೇಳುತ್ತಿದ್ದಾಳೆ ಎಂದಳು. ಇಬ್ಬರೂ ಒಳಗೆ ಹೋದರು. ನೆವೆನಾಳ ಕಣ್ಣು ಅರ್ಧ ತೆರೆದಿತ್ತು, ಕೊಳವೆ ಚುಚ್ಚದ ಕೈ ಹೊದಿಕೆಯ ಮೇಲಿತ್ತು. ಗವ್ರಿಲೊ ಎರಡೂ ಕೈಗಳನ್ನು ಜೇಬಿನಲ್ಲಿ ತುರುಕಿಕೊಂಡು ಮಂಚದಿಂದ ದೂರವೇ ನಿಂತ.

"ಕೈ ಕೊಡು ಗವ್ರಾ" ಎಂದಳು ನೆವೆನಾ.

ಅವನು ಒಂದು ಕೈಯನ್ನು ಜೇಬಿನಿಂದ ತೆಗೆದ. ತೆಗೆದು, ಮುಂದೆ ಚಾಚದೆ, ತಾಯಿಯ ಮುಖವನ್ನು ನೋಡಿದ. ಹೆಂಡತಿಯ ಕೈ ಹಿಡಿಯಲು ಅವನಿಗೆ ಅಮ್ಮನ ಅಪ್ಪಣೆ ಬೇಕಾಗಿತ್ತು.

ಮಿಲುಂಕಾ ಹಿಡಿ ಎಂದು ತಲೆಯಾಡಿಸಿದಳು. ಆಮೇಲೆ ಅಲ್ಲಿ ನಿಲ್ಲಲು ಅವಳಿಂದ ಆಗಲಿಲ್ಲ.